ಮೊದಲ ಇಂಟರ್ನಲ್ಸ್‌ನಲ್ಲಿ ಅಂಕ ಕುಸಿದರೆ ‘ಇಂಜಿನಿಯರಿಂಗ್ ನಿನಗೆ ಆಗಿಬರಲ್ಲ’ ಎಂದರ್ಥವೇ?

ಸಿಇಟಿ ಕೌನ್ಸೆಲಿಂಗ್ ಮುಗಿದು, ಸೀಟು ಸಿಕ್ಕಿ, ಕಾಲೇಜು ಶುರುವಾಗುವ ಹೊತ್ತಿಗೆ ವಾಟ್ಸಾಪ್ ಗುಂಪುಗಳಲ್ಲೂ ಪಾಠ ಶುರುವಾಗುತ್ತದೆ. ‘ಮೊದಲ ವರ್ಷದ ಅಂಕ ಯಾರೂ ನೋಡಲ್ಲ, ಆರಾಮಾಗಿರಿ’ ಎಂದು ಒಂದು ಸಂದೇಶ. ‘ಮೊದಲ ಇಂಟರ್ನಲ್ಸ್‌ನಲ್ಲೇ ಎಡವಿದವರು ಮುಂದೆ ಏಳುವುದಿಲ್ಲ’ ಎಂದು ಇನ್ನೊಂದು. ‘ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟರೆ ಸಾಕು’, ‘ಕನ್ನಡ ಮೀಡಿಯಂನವರಿಗೆ ಕಷ್ಟ’ ಎಂಬ ಮಾತುಗಳೂ ಜೊತೆಗೇ ಸುತ್ತುತ್ತವೆ. ಒಂದನ್ನು ನಂಬಿದರೆ ಇನ್ನೊಂದು ಸುಳ್ಳಾಗಬೇಕು, ಆದರೆ ಎಲ್ಲವೂ ಒಂದೇ ಗುಂಪಿನಲ್ಲಿ ಫಾರ್ವರ್ಡ್ ಆಗುತ್ತವೆ.

ಓದುವ ಮಗುವಿಗೆ ಇದು ಬರೀ ತಮಾಷೆಯಲ್ಲ. ಪಿಯುಸಿಯಲ್ಲಿ 95 ಪ್ರತಿಶತ ತೆಗೆದವರು ಮೊದಲ ಇಂಟರ್ನಲ್ಸ್‌ನಲ್ಲಿ ಅರ್ಧದಷ್ಟು ಅಂಕವೂ ಬಾರದೆ ಕುಸಿದು ಕೂರುವುದು ಪ್ರತಿ ಕಾಲೇಜಿನಲ್ಲೂ ಕಾಣುವ ಸಂಗತಿ. ಆಗ ಫೋನಿನಲ್ಲಿ ಇಂಥ ಸಂದೇಶ ಬಂದರೆ ಅದೇ ತೀರ್ಪಿನಂತೆ ಕಾಣುತ್ತದೆ. ಹಾಗಾಗಿ ಈ ಮಾತುಗಳನ್ನು ಒಂದೊಂದಾಗಿ ತೆಗೆದುಕೊಂಡು, ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಮಾತು 1: ‘ಅಂಕ ಕುಸಿಯಿತು ಎಂದರೆ ತಲೆ ಇಲ್ಲ’

ಸುಳ್ಳು. ಅಂಕ ಕುಸಿಯಲು ತಲೆಗಿಂತ ದೊಡ್ಡ ಕಾರಣಗಳು ಎರಡಿವೆ.

ಮೊದಲನೆಯದು ವೇಗ. ಪಿಯುಸಿಯಲ್ಲಿ ಒಂದು ವಿಷಯವನ್ನು ಇಡೀ ವರ್ಷ ಓದುತ್ತೀರಿ. ಕಾಲೇಜಿನಲ್ಲಿ ಒಮ್ಮೆ, ಟ್ಯೂಷನ್‌ನಲ್ಲಿ ಒಮ್ಮೆ, ಪೂರ್ವಸಿದ್ಧತಾ ಪರೀಕ್ಷೆಗೆ ಒಮ್ಮೆ ಅದೇ ಪಾಠ ಮತ್ತೆ ಮತ್ತೆ ಕಣ್ಣಮುಂದೆ ಬರುತ್ತದೆ. ಇಂಜಿನಿಯರಿಂಗ್‌ನಲ್ಲಿ ಸೆಮಿಸ್ಟರ್ ಎಂದರೆ ಸುಮಾರು ನಾಲ್ಕು ತಿಂಗಳು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ ಕಾಲೇಜುಗಳಲ್ಲಿ ಮೊದಲ ವರ್ಷದ ಮಕ್ಕಳನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಭಾಗ ಮಾಡುತ್ತಾರೆ. ಅರ್ಧ ಜನ ಮೊದಲ ಸೆಮಿಸ್ಟರ್‌ನಲ್ಲಿ ಭೌತಶಾಸ್ತ್ರ ಓದಿದರೆ ಉಳಿದವರು ರಸಾಯನಶಾಸ್ತ್ರ ಓದುತ್ತಾರೆ, ಎರಡನೇ ಸೆಮಿಸ್ಟರ್‌ನಲ್ಲಿ ಅದಲುಬದಲು. ಇದರ ಜೊತೆಗೆ ಗಣಿತ, ಪ್ರೋಗ್ರಾಮಿಂಗ್, ಡ್ರಾಯಿಂಗ್, ಲ್ಯಾಬ್, ಲ್ಯಾಬ್ ರೆಕಾರ್ಡ್. ಒಂದು ಪಾಠ ತಲೆಗೆ ಇಳಿಯುವಷ್ಟರಲ್ಲಿ ಮುಂದಿನ ಮಾಡ್ಯೂಲ್ ಶುರುವಾಗಿರುತ್ತದೆ.

ಎರಡನೆಯದು ಸರಳ ಲೆಕ್ಕ. ನೀವು ಕೂತಿರುವ ತರಗತಿಯಲ್ಲಿ ಇರುವವರೆಲ್ಲ ತಮ್ಮ ತಮ್ಮ ಶಾಲೆಯಲ್ಲಿ ಮುಂದಿನ ಬೆಂಚಿನವರೇ. ಆದರೂ 60 ಮಂದಿಯನ್ನು ಅಂಕದ ಸಾಲಿನಲ್ಲಿ ನಿಲ್ಲಿಸಿದರೆ 30 ಮಂದಿ ಕೆಳಗಿನ ಅರ್ಧಕ್ಕೆ ಬರಲೇಬೇಕು. ಊರಿನ ಓಟದಲ್ಲಿ ಗೆದ್ದವರನ್ನೆಲ್ಲ ಸೇರಿಸಿ ಜಿಲ್ಲಾ ಓಟ ಇಟ್ಟರೆ ಒಬ್ಬರು ಕೊನೆಗೆ ಬರುತ್ತಾರೆ. ಹಾಗೆಂದು ಅವರ ಕಾಲಿನ ಬಲ ಒಂದೇ ತಿಂಗಳಲ್ಲಿ ಕಡಿಮೆಯಾಯಿತು ಎನ್ನುತ್ತೇವೆಯೇ?

ಮಾತು 2: ‘ನೋಟ್ಸ್ ಹತ್ತು ಸಲ ಓದಿದರೆ ಮರೆಯುವುದಿಲ್ಲ’

ನಮ್ಮಲ್ಲಿ ಬಹಳ ಮಕ್ಕಳು ಓದುವುದೇ ಹೀಗೆ. ಆದರೆ ಸಂಶೋಧನೆ ಬೇರೆ ಮಾತು ಹೇಳುತ್ತದೆ.

2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಒಂದು ಬಗೆಯಲ್ಲಿ ಪಾಠವನ್ನು ಎರಡು ಸಲ ಓದುವುದು. ಇನ್ನೊಂದು ಬಗೆಯಲ್ಲಿ ಒಂದು ಸಲ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯುವುದು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದ್ದೇ ಮೇಲು: 81 ಪ್ರತಿಶತ ನೆನಪು, ಬರೆದು ನೋಡಿದ್ದಕ್ಕೆ 75. ಆದರೆ ಒಂದು ವಾರ ಬಿಟ್ಟು ಕೇಳಿದಾಗ ಫಲಿತಾಂಶ ತಿರುಗಿಬಿತ್ತು. ಎರಡು ಸಲ ಓದಿದ್ದರಲ್ಲಿ 42 ಪ್ರತಿಶತ ಉಳಿದಿತ್ತು, ಬರೆದು ನೋಡಿದ್ದರಲ್ಲಿ 56.

ಪರೀಕ್ಷೆ ಐದು ನಿಮಿಷದ ನಂತರ ಇರುವುದಿಲ್ಲ, ವಾರಗಳ ನಂತರ ಇರುತ್ತದೆ. ಹಾಗಾದರೆ ಜನ ಮತ್ತೆ ಮತ್ತೆ ಓದುವುದೇಕೆ? ಎರಡನೇ ಸಲ ಓದುವಾಗ ಪಾಠ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ನಾವು ‘ಬಂತು’ ಎಂದುಕೊಳ್ಳುತ್ತೇವೆ. ಯೂಟ್ಯೂಬ್‌ನಲ್ಲಿ ಯಾರೋ ಲೆಕ್ಕ ಬಿಡಿಸುವುದನ್ನು ನೋಡುವಾಗಲೂ ಹೀಗೆಯೇ. ಪ್ರತಿ ಹೆಜ್ಜೆಯೂ ಸರಿಯೆನಿಸುತ್ತದೆ, ಖಾಲಿ ಹಾಳೆ ಎದುರಿಗೆ ಬಂದಾಗ ಮೊದಲ ಹೆಜ್ಜೆಯೇ ಹೊಳೆಯುವುದಿಲ್ಲ. ಪಕ್ಕದಲ್ಲಿ ಕೂತು ಡ್ರೈವಿಂಗ್ ನೋಡಿದವರಿಗೆ ಸ್ಟೀರಿಂಗ್ ಕೊಟ್ಟಂತೆ.

ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು. ಸುಮ್ಮನೆ ಉಪನ್ಯಾಸ ಕೇಳಿದವರಿಗೆ ತಾವು ಹೆಚ್ಚು ಕಲಿತೆವು ಅನಿಸಿತ್ತು. ತರಗತಿಯಲ್ಲೇ ಗುಂಪಾಗಿ ಲೆಕ್ಕ ಬಿಡಿಸಿ ಒದ್ದಾಡಿದವರಿಗೆ ಕಡಿಮೆ ಕಲಿತೆವು ಅನಿಸಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಒದ್ದಾಡಿದವರಿಗೆ. ಅಂದರೆ ಕಷ್ಟವೆನಿಸುತ್ತಿದೆ ಎಂಬುದು ಕಲಿಯುತ್ತಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲ.

ಮಾಡಬೇಕಾದ್ದು ಇಷ್ಟೇ. ದಿನದ ಪಾಠ ಮುಗಿದ ಮೇಲೆ ನೋಟ್ಸ್ ಮುಚ್ಚಿ, ಹಾಳೆಯ ಮೇಲೆ ನೆನಪಿದ್ದಷ್ಟು ಬರೆಯಿರಿ. ಬಿಟ್ಟುಹೋದದ್ದನ್ನು ಮಾತ್ರ ತೆರೆದು ನೋಡಿ. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಬಿಡಿಸಿದ ಲೆಕ್ಕವನ್ನು ಓದಬೇಡಿ, ಉತ್ತರ ಮುಚ್ಚಿ ನೀವೇ ಬಿಡಿಸಿ.

ಮಾತು 3: ‘ಹಿಂದಿನ ರಾತ್ರಿ ನಿದ್ದೆಗೆಟ್ಟರೆ ಸಾಕು, ಪಾಸಾಗಬಹುದು’

ಒಂದು ರಾತ್ರಿ ನಿದ್ದೆಗೆಟ್ಟು ಪಾಸಾದವರು ಖಂಡಿತ ಇದ್ದಾರೆ, ಅವರ ಕಥೆಯೇ ಫಾರ್ವರ್ಡ್ ಆಗುವುದು. ಹಾಗೆ ಮಾಡಿ ಫೇಲಾದವರು ಸ್ಟೇಟಸ್ ಹಾಕುವುದಿಲ್ಲ.

ಅಮೆರಿಕದ ಎಂಐಟಿಯಲ್ಲಿ ರಸಾಯನಶಾಸ್ತ್ರದ ಪ್ರಾರಂಭಿಕ ಕೋರ್ಸ್ ಓದುತ್ತಿದ್ದ ವಿದ್ಯಾರ್ಥಿಗಳ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ, ಇಡೀ ಸೆಮಿಸ್ಟರ್ ಗಮನಿಸಿದರು. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ 88 ಮಂದಿಯ ಮಾಹಿತಿ ಇತ್ತು. ಹೆಚ್ಚು ಹೊತ್ತು, ಚೆನ್ನಾಗಿ, ದಿನವೂ ಹೆಚ್ಚುಕಡಿಮೆ ಒಂದೇ ಸಮಯ ನಿದ್ದೆ ಮಾಡಿದವರ ಅಂಕ ಹೆಚ್ಚಿತ್ತು. ಆದರೆ ಪರೀಕ್ಷೆಯ ಹಿಂದಿನ ಒಂದೇ ರಾತ್ರಿಯ ನಿದ್ದೆಗೂ ಅಂಕಕ್ಕೂ ಸಂಬಂಧ ಕಾಣಲಿಲ್ಲ. ಪಾಠ ಕಲಿಯುತ್ತಿದ್ದ ವಾರಗಳ ನಿದ್ದೆಯೇ ಲೆಕ್ಕಕ್ಕೆ ಬಂದದ್ದು.

ಇಲ್ಲೊಂದು ಎಚ್ಚರಿಕೆ. ಈ ಅಧ್ಯಯನ ಸಂಬಂಧವನ್ನು ತೋರಿಸುತ್ತದೆಯೇ ಹೊರತು ನಿದ್ದೆಯಿಂದಲೇ ಅಂಕ ಬಂತು ಎಂದು ಸಾಬೀತು ಮಾಡುವುದಿಲ್ಲ. ಆದರೆ ಹೊಸದಾಗಿ ಕಲಿತದ್ದನ್ನು ಮೆದುಳು ನಿದ್ದೆಯಲ್ಲಿ ಗಟ್ಟಿ ಮಾಡಿಕೊಳ್ಳುತ್ತದೆ ಎಂಬುದಕ್ಕೆ ಬೇರೆ ಅನೇಕ ಪ್ರಯೋಗಗಳ ಬೆಂಬಲವಿದೆ.

ಕಾಫಿ, ಎನರ್ಜಿ ಡ್ರಿಂಕ್ ಕುಡಿದು ಎಚ್ಚರ ಇರುವವರಿಗೂ ಒಂದು ಲೆಕ್ಕ. ದೇಹಕ್ಕೆ ಸೇರಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಸುಮಾರು 5 ಗಂಟೆ ಬೇಕು. ರಾತ್ರಿ 10ಕ್ಕೆ ಕುಡಿದರೆ ಬೆಳಗಿನ ಜಾವ 3ಕ್ಕೂ ಅರ್ಧ ಒಳಗೇ ಇರುತ್ತದೆ. ಮಲಗಿದರೂ ನಿದ್ದೆ ಗಾಢವಾಗುವುದಿಲ್ಲ.

ಇನ್ನು ಮರೆವು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತಮ್ಮ ಮೇಲೆ ತಾವೇ ಪ್ರಯೋಗ ಮಾಡಿ ಪ್ರಕಟಿಸಿದ್ದರು: ಕಲಿತದ್ದರಲ್ಲಿ ಬಹುಪಾಲು ಮೊದಲ ಕೆಲವು ಗಂಟೆ, ದಿನಗಳಲ್ಲೇ ಮರೆತುಹೋಗುತ್ತದೆ, ಆಮೇಲೆ ಮರೆವಿನ ವೇಗ ತಗ್ಗುತ್ತದೆ. ಒಂದೇ ರಾತ್ರಿ ತುಂಬಿಕೊಂಡದ್ದು ಮರುದಿನದ ಪರೀಕ್ಷೆಗೆ ಸಿಕ್ಕರೂ ಮುಂದಿನ ಸೆಮಿಸ್ಟರ್‌ಗೆ ಸಿಗುವುದಿಲ್ಲ. ಗಣಿತದಂಥ ವಿಷಯದಲ್ಲಿ ಮುಂದಿನ ಸೆಮಿಸ್ಟರ್ ನಿಲ್ಲುವುದೇ ಹಿಂದಿನದರ ಮೇಲೆ.

ಮಾತು 4: ‘ಮೊದಲ ವರ್ಷದ ಅಂಕ ಯಾರೂ ನೋಡಲ್ಲ’

ಸುಳ್ಳು. ವಿಟಿಯುವಿನ 2022ರ ಸ್ಕೀಮ್‌ನಲ್ಲಿ ನಾಲ್ಕು ವರ್ಷಕ್ಕೆ ಒಟ್ಟು 160 ಕ್ರೆಡಿಟ್, ಅದರಲ್ಲಿ ಮೊದಲ ವರ್ಷದ್ದು 40. ಅಂದರೆ ಕೊನೆಗೆ ಬರುವ ಸಿಜಿಪಿಎಯಲ್ಲಿ ಕಾಲು ಭಾಗ ಮೊದಲ ವರ್ಷದಲ್ಲೇ ನಿರ್ಧಾರವಾಗುತ್ತದೆ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಅನೇಕ ಕಂಪನಿಗಳು ಇಂತಿಷ್ಟು ಸಿಜಿಪಿಎ ಇರಬೇಕು, ಬ್ಯಾಕ್‌ಲಾಗ್ ಇರಬಾರದು ಎಂದು ಮೊದಲೇ ಜರಡಿ ಹಿಡಿಯುತ್ತವೆ.

ಪಾಸಾಗುವ ನಿಯಮವನ್ನೂ ಸರಿಯಾಗಿ ತಿಳಿದಿರಬೇಕು. ಈ ಸ್ಕೀಮ್‌ನಲ್ಲಿ ಥಿಯರಿ ವಿಷಯಕ್ಕೆ ಇಂಟರ್ನಲ್ಸ್, ಅಸೈನ್‌ಮೆಂಟ್ ಸೇರಿ 50 ಅಂಕ, ಸೆಮಿಸ್ಟರ್ ಪರೀಕ್ಷೆಗೆ 50 ಅಂಕ. ಮೊದಲನೆಯದರಲ್ಲಿ ಕನಿಷ್ಠ 20, ಎರಡನೆಯದರಲ್ಲಿ ಕನಿಷ್ಠ 18, ಒಟ್ಟು ಕನಿಷ್ಠ 40 ಬರಬೇಕು. ಹಾಜರಾತಿ 85 ಪ್ರತಿಶತ ಬೇಕು. ಸೆಮಿಸ್ಟರ್ ಪ್ರಶ್ನೆಪತ್ರಿಕೆ 100 ಅಂಕದ್ದು, ನಂತರ 50ಕ್ಕೆ ಇಳಿಸುತ್ತಾರೆ. ಐದು ಮಾಡ್ಯೂಲ್‌ಗಳಿಂದ ಎರಡೆರಡು ದೊಡ್ಡ ಪ್ರಶ್ನೆ ಬರುತ್ತವೆ, ಪ್ರತಿ ಮಾಡ್ಯೂಲ್‌ನಿಂದ ಒಂದಕ್ಕೆ ಉತ್ತರಿಸಬೇಕು. ಒಂದು ಮಾಡ್ಯೂಲ್ ಪೂರ್ತಿ ಬಿಟ್ಟರೆ 20 ಅಂಕ ಕೈಬಿಟ್ಟಂತೆ. ಸ್ವಾಯತ್ತ ಕಾಲೇಜುಗಳಲ್ಲಿ, ಬೇರೆ ಸ್ಕೀಮ್‌ನವರಿಗೆ ನಿಯಮ ಬೇರೆ ಇರಬಹುದು. ಆದ್ದರಿಂದ ಸೀನಿಯರ್ ಹೇಳಿದ್ದನ್ನಲ್ಲ, ನಿಮ್ಮ ಬ್ಯಾಚಿನ ನಿಯಮಪುಸ್ತಕವನ್ನು ನೋಡಿ.

ಇದರಲ್ಲೇ ಸಮಾಧಾನದ ಮಾತೂ ಇದೆ. ಒಂದು ಇಂಟರ್ನಲ್ಸ್ ಎಂದರೆ ಆ 50ರಲ್ಲಿ ಒಂದು ಪಾಲು ಮಾತ್ರ. ಮೊದಲನೆಯದು ಕೆಟ್ಟರೂ ಮುಂದಿನ ಟೆಸ್ಟ್, ಅಸೈನ್‌ಮೆಂಟ್, ಸೆಮಿಸ್ಟರ್ ಪರೀಕ್ಷೆ ಬಾಕಿ ಇರುತ್ತವೆ. ಬ್ಯಾಕ್‌ಲಾಗ್ ಉಳಿದರೂ ಮತ್ತೆ ಬರೆದು ಪಾಸು ಮಾಡುವ ದಾರಿ ಇದೆ. ‘ಯಾರೂ ನೋಡಲ್ಲ’ ಎಂಬುದೂ ತಪ್ಪು, ‘ಎಲ್ಲ ಮುಗಿಯಿತು’ ಎಂಬುದೂ ತಪ್ಪು.

ಮಾತು 5: ‘ಕನ್ನಡ ಮೀಡಿಯಂನವರಿಗೆ ಇಂಜಿನಿಯರಿಂಗ್ ಆಗಿಬರಲ್ಲ’

ಇಲ್ಲಿ ಅರ್ಧ ಸಂಗತಿಯನ್ನು ಹಿಡಿದು ತಪ್ಪು ತೀರ್ಮಾನಕ್ಕೆ ಬರಲಾಗಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಮೊದಲ ವರ್ಷ ಹೆಚ್ಚು ದಣಿವಾಗುತ್ತದೆ ಎಂಬುದು ನಿಜ. ನಮ್ಮ ಮನಸ್ಸು ಒಂದು ಕ್ಷಣದಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಬೆರಳೆಣಿಕೆಯಷ್ಟು. ಅದರಲ್ಲಿ ಒಂದು ಪಾಲು ಇಂಗ್ಲಿಷ್ ವಾಕ್ಯವನ್ನು ಬಿಡಿಸಿಕೊಳ್ಳುವುದಕ್ಕೇ ಹೋದರೆ ಲೆಕ್ಕಕ್ಕೆ ಉಳಿಯುವ ಜಾಗ ಕಡಿಮೆ. ಇದು ಭಾಷೆಯ ಹೊರೆ. ಬುದ್ಧಿಯ ಕೊರತೆಯಲ್ಲ, ಅಭ್ಯಾಸದಿಂದ ಇಳಿಯುವಂಥದ್ದು.

ಇಳಿಸುವ ಒಂದು ದಾರಿ: ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ. ಉದಾಹರಣೆಗೆ ಡೆರಿವೇಟಿವ್. ಹಾಸನದಿಂದ ಬೆಂಗಳೂರಿಗೆ ಬಸ್ಸು ಸುಮಾರು 180 ಕಿಲೋಮೀಟರನ್ನು ನಾಲ್ಕು ಗಂಟೆಯಲ್ಲಿ ಮುಟ್ಟಿತು ಎಂದುಕೊಳ್ಳಿ. ಸರಾಸರಿ ವೇಗ ಗಂಟೆಗೆ 45 ಕಿಲೋಮೀಟರ್. ಆದರೆ ದಾರಿಯುದ್ದಕ್ಕೂ ಬಸ್ಸು 45ರಲ್ಲೇ ಓಡಲಿಲ್ಲ. ಕುಣಿಗಲ್‌ನಲ್ಲಿ ನಿಂತಿತು, ಹೆದ್ದಾರಿಯಲ್ಲಿ ಓಡಿತು. ಒಂದು ನಿರ್ದಿಷ್ಟ ಕ್ಷಣದಲ್ಲಿ ಸ್ಪೀಡೋಮೀಟರ್‌ನ ಮುಳ್ಳು ತೋರಿಸುವ ಸಂಖ್ಯೆ ಇದೆಯಲ್ಲ, ಅದೇ ದೂರದ ಡೆರಿವೇಟಿವ್. ಇಷ್ಟು ಹೊಳೆದ ಮೇಲೆ ಸೂತ್ರ ಹೆದರಿಸುವುದಿಲ್ಲ.

ಉಚಿತ ನೆರವೂ ಇದೆ. ಎಐಸಿಟಿಇಯ ‘ಇ-ಕುಂಭ್’ ಪೋರ್ಟಲ್‌ನಲ್ಲಿ ಇಂಜಿನಿಯರಿಂಗ್ ಪುಸ್ತಕಗಳು ಕನ್ನಡದಲ್ಲೂ ಸಿಗುತ್ತವೆ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ನಲ್ಲಿ ಸಿ ಪ್ರೋಗ್ರಾಮಿಂಗ್‌ನಂಥ ಪಾಠಗಳನ್ನು ಕನ್ನಡದ ಧ್ವನಿಯಲ್ಲಿ ಕೇಳಬಹುದು. ಜೊತೆಗೆ ಪ್ರತಿ ವಿಷಯಕ್ಕೂ ಒಂದು ಪುಟ್ಟ ಪುಸ್ತಕ ಇಟ್ಟು, ಹೊಸ ಇಂಗ್ಲಿಷ್ ಪದದ ಎದುರು ಕನ್ನಡ ಅರ್ಥ ಬರೆದುಕೊಳ್ಳಿ. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಡೌಟ್ ಕೇಳಲು ಅಳುಕಾದರೆ, ಪಾಠ ಮುಗಿದ ಮೇಲೆ ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಿ. ಕೇಳದೆ ಬಿಟ್ಟ ಡೌಟ್ ಮುಂದಿನ ಮಾಡ್ಯೂಲ್‌ಗೆ ಬಡ್ಡಿ ಸಮೇತ ಬರುತ್ತದೆ.

ಮಾತು 6: ‘ಎಲ್ಲರೂ ಹೊಂದಿಕೊಂಡಿದ್ದಾರೆ, ನಾನೊಬ್ಬನೇ ಹೀಗೆ’

ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಪ್ರತಿಯೊಬ್ಬರೂ ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಹಾಸ್ಟೆಲ್ ಮೆಸ್ಸಿನ ಊಟ ಇಳಿಯುವುದಿಲ್ಲ, ಸಂಜೆಯಾದರೆ ಮನೆ ನೆನಪಾಗುತ್ತದೆ, ಪಕ್ಕದ ರೂಮಿನವರು ನಗುತ್ತಿರುವುದು ಕೇಳುತ್ತದೆ. ಅವರ ನಗು ಕಾಣುತ್ತದೆ, ಅವರ ಅಳು ಬಾತ್‌ರೂಮಿನಲ್ಲಿ ಮುಗಿದಿರುತ್ತದೆ.

ಈ ಭಾವನೆಯ ಮೇಲೆ ಗಂಭೀರ ಅಧ್ಯಯನಗಳು ನಡೆದಿವೆ. ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಮೆರಿಕದ ಒಂದು ಕಾಲೇಜಿನ ಹೊಸ ವಿದ್ಯಾರ್ಥಿಗಳಿಗೆ ಸೀನಿಯರ್‌ಗಳ ಅನುಭವ ಓದಿಸಿದರು. ‘ನಮಗೂ ಮೊದಲ ವರ್ಷ ಇದು ನನ್ನ ಜಾಗವಲ್ಲ ಅನಿಸಿತ್ತು, ಕಾಲ ಕಳೆದಂತೆ ಅದು ಹೋಯಿತು’ ಎಂಬುದು ಅದರ ತಿರುಳು. ಸುಮಾರು ಒಂದು ಗಂಟೆಯ ಈ ಚಟುವಟಿಕೆಯಲ್ಲಿ ಭಾಗವಹಿಸಿದ ಕಪ್ಪು ವರ್ಣೀಯ ವಿದ್ಯಾರ್ಥಿಗಳ ಅಂಕ ಮುಂದಿನ ಮೂರು ವರ್ಷಗಳಲ್ಲಿ ಏರಿತು, ಬಿಳಿಯ ವಿದ್ಯಾರ್ಥಿಗಳ ಜೊತೆಗಿನ ಅಂತರ ಅರ್ಧಕ್ಕೆ ಇಳಿಯಿತು. ಆದರೆ ಇದು ಮಂತ್ರವಲ್ಲ. 22 ಸಂಸ್ಥೆಗಳ 26,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ಕಾಲೇಜಿನ ವಾತಾವರಣವೂ ಮಕ್ಕಳನ್ನು ತನ್ನವರೆಂದು ಸ್ವೀಕರಿಸುವಂತೆ ಇದ್ದಲ್ಲಿ ಮಾತ್ರ ಇದು ಫಲ ಕೊಟ್ಟಿತು. ಹಾಗಾಗಿ ‘ಧೈರ್ಯ ತಂದುಕೋ’ ಎನ್ನುವುದಷ್ಟೇ ಸಾಲದು, ಮಾತಾಡಿಸುವ ಮೇಷ್ಟ್ರು, ಸೀನಿಯರ್, ಗೆಳೆಯರು ಇರಬೇಕು.

‘ಸ್ವಲ್ಪ ರ‍್ಯಾಗಿಂಗ್ ಇದ್ದರೆ ಹುಡುಗರು ಗಟ್ಟಿಯಾಗುತ್ತಾರೆ’ ಎಂಬ ಮಾತನ್ನೂ ಇಲ್ಲೇ ಕೈಬಿಡೋಣ. ರ‍್ಯಾಗಿಂಗ್ ಅಪರಾಧ. ಯುಜಿಸಿ 2009ರಲ್ಲೇ ಇದರ ವಿರುದ್ಧ ನಿಯಮ ತಂದಿದೆ. ಸಹಾಯವಾಣಿ ಸಂಖ್ಯೆ 1800-180-5522.

ಹೊಸ ಜಾಗಕ್ಕೆ ಹೊಂದಿಕೊಳ್ಳುವ ಬೇಸರ ಸಾಮಾನ್ಯವಾಗಿ ವಾರಗಳು ಕಳೆದಂತೆ ತಗ್ಗುತ್ತದೆ. ಆದರೆ ಎರಡು ವಾರ ಮೀರಿದರೂ ಊಟ, ನಿದ್ದೆ ಸರಿಹೋಗದಿದ್ದರೆ, ಹಾಸಿಗೆ ಬಿಟ್ಟು ಏಳಲು ಮನಸ್ಸಾಗದಿದ್ದರೆ ಕಾಯಬೇಡಿ. ಬದುಕೇ ಬೇಡ ಎಂಬ ಯೋಚನೆ ಬಂದರೆ ಆ ದಿನವೇ ಯಾರಿಗಾದರೂ ಹೇಳಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇಂಟರ್ನಲ್ಸ್ ಉತ್ತರಪತ್ರಿಕೆ ಕೈಗೆ ಬಂದಾಗ

ಬ್ಯಾಗಿನೊಳಗೆ ತುರುಕುವ ಮೊದಲು ಪೆನ್ನು ಹಿಡಿದು, ಕಳೆದುಕೊಂಡ ಅಂಕಗಳನ್ನು ಮೂರು ಗುಂಪು ಮಾಡಿ.

ಒಂದು, ಪಾಠವೇ ಅರ್ಥವಾಗಿರಲಿಲ್ಲ. ಇದಕ್ಕೆ ಮದ್ದು ಮೇಷ್ಟ್ರನ್ನೋ ಗೆಳೆಯರನ್ನೋ ಕೇಳುವುದು.

ಎರಡು, ಗೊತ್ತಿತ್ತು, ಪರೀಕ್ಷೆಯಲ್ಲಿ ನೆನಪಾಗಲಿಲ್ಲ. ಇದಕ್ಕೆ ಮದ್ದು ಪುಸ್ತಕ ಮುಚ್ಚಿ ಬರೆದು ನೋಡುವುದು, ದಿನ ಬಿಟ್ಟು ಬಿಟ್ಟು.

ಮೂರು, ಗೊತ್ತಿತ್ತು, ನೆನಪೂ ಆಯಿತು, ಆದರೆ ಸಮಯ ಸಾಲಲಿಲ್ಲ, ಯೂನಿಟ್ ಬರೆಯಲಿಲ್ಲ, ಚಿತ್ರ ಬಿಟ್ಟೆ. ಇದಕ್ಕೆ ಮದ್ದು ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು.

ಹೀಗೆ ವಿಂಗಡಿಸಿದಾಗ, ಹೋದ ಅಂಕವೆಲ್ಲ ಮೊದಲ ಗುಂಪಿನದೇ ಆಗಿರುವುದು ಅಪರೂಪ. ‘ನನಗೆ ಏನೂ ಬರಲ್ಲ’ ಎಂಬ ದೊಡ್ಡ ಮಾತು ಒಡೆದು, ಈ ವಾರ ಮಾಡಬಹುದಾದ ಸಣ್ಣ ಕೆಲಸಗಳಾಗುತ್ತವೆ.

ಮನೆಯವರಿಗೆ ಒಂದು ಮಾತು

ಫೋನ್ ಮಾಡಿದಾಗ ‘ಎಷ್ಟು ಬಂತು?’ ಎಂಬುದು ಮೊದಲ ಪ್ರಶ್ನೆಯಾಗಬೇಕಿಲ್ಲ. ‘ಊಟ ಆಯ್ತಾ? ರಾತ್ರಿ ಎಷ್ಟಕ್ಕೆ ಮಲಗಿದೆ? ಜೊತೆಗೆ ಕೂತು ಓದೋಕೆ ಯಾರಾದರೂ ಸಿಕ್ಕಿದ್ದಾರಾ?’ ಎಂದು ಕೇಳಿ. ಅಂಕದ ವಿಷಯ ಅದರ ಹಿಂದೆ ತಾನಾಗಿ ಬರುತ್ತದೆ. ಪಕ್ಕದ ಮನೆಯ ಮಗುವಿನ ಅಂಕದ ಜೊತೆ ಹೋಲಿಸಿದರೆ ಮುಂದಿನ ಸಲ ನಿಮ್ಮ ಮಗು ಅಂಕವನ್ನೇ ಮುಚ್ಚಿಡುತ್ತದೆ, ಕಷ್ಟವನ್ನೂ ಮುಚ್ಚಿಡುತ್ತದೆ.

ಕುಟುಂಬದ ಗುಂಪಿನಲ್ಲಿ ಇಂಥ ಸಂದೇಶ ಬಂದಾಗ, ಕಳಿಸುವ ಮುನ್ನ ಒಂದು ಕ್ಷಣ ಯೋಚಿಸಿ: ಅದೇ ಗುಂಪಿನಲ್ಲಿ ಮೊನ್ನೆಯಷ್ಟೇ ಇಂಟರ್ನಲ್ಸ್ ಬರೆದು ಬಂದ ಹುಡುಗನೋ ಹುಡುಗಿಯೋ ಇರಬಹುದು. ಅವರಿಗೆ ಏನಾದರೂ ಕಳಿಸಲೇಬೇಕೆನಿಸಿದರೆ ಮೇಲಿನ ಮೂರು ಗುಂಪಿನ ಲೆಕ್ಕವನ್ನೂ 14416 ಸಂಖ್ಯೆಯನ್ನೂ ಕಳಿಸಿ.